ದಫೇದಾರರು ಬೇಡವೆಂದ ಮರಿ

ಮೊನ್ನೆ ಗಾಂಧಿಬಜಾರಿನ ಹೋಟೆಲೊಂದರಲ್ಲಿ ಯಾರದೋ ಕೈಜಾರಿ ಸ್ಟೀಲ್ ತಟ್ಟೆ ನೆಲಕ್ಕೆ ಬಿತ್ತು. ಎಲ್ಲರೂ ಒಮ್ಮೆ ತಿರುಗಿ ನೋಡಿ ಮತ್ತೆ ದೋಸೆಗೆ ಕೈಹಾಕಿದರು. ನಾನು ಮಾತ್ರ ಬಿದ್ದ ತಟ್ಟೆಯನ್ನೇ ನೋಡುತ್ತ ಕೂತೆ. ಓಕಳಿಪುರದ ಒಂದು ಅಂಗಳ, ಏಳು ವಾರದ ಐದು ನಾಯಿಮರಿಗಳು, ತಟ್ಟೆ ಹಿಡಿದು ನಿಂತ ದಫೇದಾರರು... ಇಪ್ಪತ್ತು ವರ್ಷವಾಗಿರಬೇಕು.

ಅವರು ನಮ್ಮ ಎದುರು ಮನೆಯವರು. ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತರಾದವರು. ಕಾವಲಿಗೆ ನಾಯಿ ಬೇಕೆಂದು ಯಾರಾದರೂ ಬಂದು ಜಾತಿ ಯಾವುದಿರಲಿ ಎಂದು ಕೇಳಿದರೆ, ಮೊದಲು ಸ್ವಭಾವ ನೋಡೋಣ ಎನ್ನುತ್ತಿದ್ದರು. ಅಕ್ಕಿಪೇಟೆಯಿಂದ ಚಾಮರಾಜಪೇಟೆಯವರೆಗೆ ಅವರು ಆರಿಸಿಕೊಟ್ಟ ನಾಯಿಗಳಿದ್ದವು. ಹೆಂಡತಿ ತೀರಿಕೊಂಡ ಮೇಲೆ ಅವರ ಬಾಗಿಲಿಗೆ ಜನ ಬರುತ್ತಿದ್ದುದು ಅದೊಂದೇ ಕಾರಣಕ್ಕೆ.

ನಾನು ತರಗುಪೇಟೆಯ ಬೇಳೆ ಮಂಡಿಯೊಂದಕ್ಕೆ ಗುಮಾಸ್ತನಾಗಿ ಸೇರಿ ಆಗ ಮೂರು ತಿಂಗಳು. ಗೋದಾಮಿಗೆ ನಾಯಿ ತರುವ ಕೆಲಸವನ್ನು ಸಾಹುಕಾರರು ನನಗೆ ವಹಿಸಿದರು. ದಫೇದಾರರನ್ನು ಕರೆದುಕೊಂಡು ಮರಿಗಳಿದ್ದ ಮನೆಗೆ ಹೋದೆ. ಅವರು ಒಂದೊಂದನ್ನೇ ತಾಯಿಯಿಂದ ದೂರ ಒಯ್ದು ಅಂಗಳದಲ್ಲಿ ಬಿಟ್ಟರು. ಅಂಗಾತ ಮಲಗಿಸಿ ಎದೆಯ ಮೇಲೆ ಕೈಯಿಟ್ಟು ಕಾದರು. ಕೊನೆಗೆ ಹಿಂದಿನಿಂದ ತಟ್ಟೆ ಬೀಳಿಸಿದರು. ಕಂದು ಮರಿಯೊಂದು ಬೆಚ್ಚಿ ಓಡಿತು, ನಿಂತಿತು, ಮೆಲ್ಲಗೆ ವಾಪಸು ಬಂದು ತಟ್ಟೆ ಮೂಸಿತು. ಕರಿ ಮರಿಯೊಂದು ಗೋಡೆಗೆ ಅಂಟಿಕೊಂಡು, ಹಲ್ಲು ತೋರಿಸುತ್ತ ಒಂದೇ ಸಮನೆ ಬೊಗಳಿತು. ನನಗೆ ಕರಿಯದೇ ಹಿಡಿಸಿತು.

"ಅದು ಬೇಡ," ಎಂದರು ದಫೇದಾರರು. "ಧೈರ್ಯ ಇದ್ದು ಬೊಗಳ್ತಿಲ್ಲ ಅದು, ಭಯಕ್ಕೆ ಬೊಗಳ್ತಿದೆ. ಹೆದರೋದು ತಪ್ಪಲ್ಲ, ಹೆದರಿದ್ಮೇಲೆ ವಾಪಸ್ ಬರ್ಬೇಕು. ಆ ಕಂದು ಮರಿ ಬಂತಲ್ಲ, ಅದನ್ನ ತಗೊಳ್ಳಿ."

ಸಾಹುಕಾರರಿಗೆ ಜೋರು ನಾಯಿ ಬೇಕು, ಇಂಥ ಸಾಧು ಮರಿ ಒಯ್ದರೆ ನಗುತ್ತಾರೆ ಎಂದೆ. ದಫೇದಾರರು ಎರಡು ಸಲ ಬೇಡವೆಂದರು. ಮೂರನೇ ಸಲ ತಟ್ಟೆ ಒರೆಸಿ ಚೀಲಕ್ಕೆ ಹಾಕಿಕೊಂಡರು. ನಾನು ಕರಿಯದನ್ನೇ ತಂದೆ.

ಸರಪಳಿಯಲ್ಲೇ ಬೆಳೆದ ನಾಯಿ ಬೀದಿಗೆಲ್ಲ ಕೇಳುವಂತೆ ಬೊಗಳುತ್ತಿತ್ತು. ಸಾಹುಕಾರರಿಗೆ ಖುಷಿಯೋ ಖುಷಿ. ಒಂದೂವರೆ ವರ್ಷ ಹೀಗೇ ಹೋಯಿತು. ಒಂದು ಮಧ್ಯಾಹ್ನ ಲಾರಿಯಿಂದ ಮೂಟೆಯೊಂದು ಧೊಪ್ಪನೆ ಬಿತ್ತು. ಬೆದರಿದ ನಾಯಿ, ಪಕ್ಕದಲ್ಲೇ ಕೂತು ಬೇಳೆ ಕೇರುತ್ತಿದ್ದ ಹೆಂಗಸಿನ ಬಲಗೈಗೆ ಬಾಯಿ ಹಾಕಿತು. ನಾಲ್ಕು ಜನ ಸೇರಿ ಬಿಡಿಸುವಷ್ಟರಲ್ಲಿ... ಆಸ್ಪತ್ರೆಯಲ್ಲಿ ಆಕೆಯ ಎರಡು ಬೆರಳು ತೆಗೆದರು. ಮತ್ತೆಂದೂ ಆಕೆಗೆ ಮೊರ ಹಿಡಿಯಲಾಗಲಿಲ್ಲ.

ಸುದ್ದಿ ತಿಳಿದು ದಫೇದಾರರು ತಾವಾಗಿಯೇ ಗೋದಾಮಿಗೆ ಬಂದರು. ಸಾಹುಕಾರರು ಎಲ್ಲರೆದುರು ನನ್ನನ್ನು ಕೇಳಿದರು: "ಈ ಮರಿ ಆರಿಸಿದ್ದು ಯಾರಯ್ಯಾ?"

ಕೆಲಸ ಹೋಯಿತು ಅನ್ನಿಸಿತು. "ಇವ್ರೇ," ಎಂದೆ.

ದಫೇದಾರರು ನನ್ನ ಮುಖ ನೋಡಿದರು. ಅಲ್ಲವೆನ್ನಲಿಲ್ಲ. "ನಾಯೀನ ನಾನು ಕರ್ಕೊಂಡು ಹೋಗ್ತೀನಿ," ಎಂದಷ್ಟೇ ಹೇಳಿ ಸರಪಳಿ ಬಿಚ್ಚಿದರು.

ಮಾತು ಪೇಟೆಯೆಲ್ಲ ಹರಡಲು ಒಂದು ವಾರ ಸಾಕಾಯಿತು. ಮುದುಕನ ಅಂದಾಜು ಕೆಟ್ಟಿದೆ ಎಂದರು. ಅವರ ಬಾಗಿಲಿಗೆ ಬರುವವರು ನಿಂತೇಹೋದರು. ದಿನಾ ಬೆಳಿಗ್ಗೆ ಅವರು ನಾಯಿಯ ಬಾಯಿಗೆ ಪಟ್ಟಿ ಕಟ್ಟಿ ರೈಲ್ವೆ ಗೋಡೆಯ ಪಕ್ಕ ನಡೆಸುತ್ತಿದ್ದರು. ರೈಲು ಬಂದಾಗಲೆಲ್ಲ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ದಾಟುವವರೆಗೂ ಮೈಮೇಲೆ ಕೈಯಿಟ್ಟಿರುತ್ತಿದ್ದರು. ನಾನು ಎದುರಾದರೆ ತಿಂಡಿ ಆಯ್ತಾ ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ಆಮೇಲಾಮೇಲೆ ನಾನೇ ಬೇರೆ ದಾರಿ ಹಿಡಿದು ಮಂಡಿಗೆ ಹೋಗತೊಡಗಿದೆ.

ನಾಲ್ಕು ವರ್ಷದ ಮೇಲೆ ನಾಯಿ ಸತ್ತಿತು. ಎರಡು ತಿಂಗಳಿಗೆ ಅವರೂ ಹೋದರು. ಮಣ್ಣಿಗೆ ಬಂದವರು ಆರೇಳು ಜನ. ನಾನೂ ಹೆಗಲು ಕೊಟ್ಟೆ. ಅಲ್ಲಿ ನಿಂತಿದ್ದವರಿಗಾದರೂ ನಿಜ ಹೇಳಬಹುದಿತ್ತು... ಹೇಳಲಿಲ್ಲ.

ಮೊನ್ನೆ ಹೋಟೆಲಿನಿಂದ ಎದ್ದವನು ನೇರ ಅಲ್ಲೇ ಬಸವನಗುಡಿಯಲ್ಲಿರುವ ಸಾಹುಕಾರರ ಮನೆಗೆ ನಡೆದೆ. ಎಂಬತ್ತು ದಾಟಿದೆ ಅವರಿಗೆ. ಎಲ್ಲವನ್ನೂ ಹೇಳಿದೆ. ಆ ಮರಿ ಆರಿಸಿದ್ದು ನಾನು, ದಫೇದಾರರಲ್ಲ ಎಂದೆ.

"ನಾಯಿ ನೆನಪಿದೆ ಕಣಪ್ಪ, ಚೆನ್ನಾಗಿ ಬೊಗಳ್ತಿತ್ತು," ಎಂದರು ಸಾಹುಕಾರರು. "ಆ ದಫೇದಾರ ಯಾರು ಅಂತ ಗೊತ್ತಾಗ್ತಿಲ್ಲ."

ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿದರು. ಆ ಹೆಂಗಸು ಈಗ ಎಲ್ಲಿದ್ದಾಳೆಂದು ಕೇಳಬೇಕೆಂದಿದ್ದೆ. ಕೇಳದೆ ಎದ್ದುಬಂದೆ.