ಬಿಟ್ಟಿ ಮಾವನ ಹೆಜ್ಜೆ

ಚಪ್ಪಲಿ ಅಂಗಡಿಯ ಸಾಹುಕಾರನಿಗೆ ಗಿರಾಕಿಗಳ ಮುಖ ನೆನಪಿರುತ್ತಿರಲಿಲ್ಲ, ಕಾಲು ನೆನಪಿರುತ್ತಿತ್ತು. ಬಂದವರು ಕೊಳ್ಳುವವರೋ, ಹತ್ತು ಜೊತೆ ಇಳಿಸಿ ಹಾಕಿ ನೋಡಿ ಹೋಗುವವರೋ ಎಂಬುದನ್ನು ತಲೆಯೆತ್ತದೆ, ಬರೀ ಹೆಜ್ಜೆ ಸದ್ದಿನಿಂದಲೇ ಹೇಳಿಬಿಡುತ್ತಿದ್ದ. ಈ ವಿದ್ಯೆಯಿಂದ ವ್ಯಾಪಾರವೇನೂ ಹೆಚ್ಚಲಿಲ್ಲ. ನಾಟಕದ ಹುಚ್ಚು ಮಾತ್ರ ಹತ್ತಿತು.

ಊರಿನ ರೇಡಿಯೊದಲ್ಲಿ ಭಾನುವಾರ ಸಂಜೆ ಕಿರುನಾಟಕ ಬರುತ್ತಿತ್ತು. ಬರೆಯುವವರು ನಿವೃತ್ತ ಮೇಷ್ಟ್ರು. ಹೆಣ್ಣು ಪಾತ್ರಗಳಿಗೆಲ್ಲ ಔಷಧಿ ಅಂಗಡಿಯಾಕೆ. ಕೆಮ್ಮಿನ ಸಿರಪ್ಪು ಮಾರುವ ದನಿಯಲ್ಲೇ ಕಣ್ಣೀರೂ ಸುರಿಸಬಲ್ಲಳು. ಸದ್ದುಗಳ ಉಸ್ತುವಾರಿ ಸಾಹುಕಾರನದು. ಧ್ವನಿಮುದ್ರಣ ನಡೆಯುತ್ತಿದ್ದದ್ದೂ ಅವನ ಅಂಗಡಿಯ ಹಿಂದಿನ ಗೋದಾಮಿನಲ್ಲೇ. ಸೂರಿನವರೆಗೆ ಪೇರಿಸಿದ ರಟ್ಟಿನ ಡಬ್ಬಗಳ ನಡುವೆ ದನಿ ಗುಂಯ್‌ಗುಡುತ್ತಿರಲಿಲ್ಲ. ಪಾತ್ರಕ್ಕೆ ತಕ್ಕ ಜೋಡನ್ನು ಡಬ್ಬದಿಂದ ತೆಗೆದು, ಎರಡೂ ಕೈಗೆ ತೊಟ್ಟು, ಹಲಗೆಯ ಮೇಲೆ ನಡೆಸುವುದು ಅವನ ಕ್ರಮ. ಕೆಲಸ ಮುಗಿದ ಮೇಲೆ ಒರೆಸಿ ಮತ್ತೆ ಮಾರಾಟಕ್ಕೆ. ಒಮ್ಮೆ ಇನ್ಸ್‌ಪೆಕ್ಟರನ ಬೂಟು ವಾರದ ನಡುವೆ ಮಾರಿಹೋಗಿ, ಮುಂದಿನ ಕಂತಿನಲ್ಲಿ ಆತ ರಬ್ಬರ್ ಚಪ್ಪಲಿಯಲ್ಲೇ ಕಳ್ಳನನ್ನು ಹಿಡಿಯಬೇಕಾಯಿತು. ಕಾಲಿಗೆ ಗಾಯವಾಗಿದೆ ಎಂದು ಮೇಷ್ಟ್ರು ಒಂದು ಮಾತು ಸೇರಿಸಿ ಇಲಾಖೆಯ ಮಾನ ಉಳಿಸಿದರು.

ಅಂಥ ಮಧ್ಯಾಹ್ನಗಳಲ್ಲಿ ಮುಂದೆ ಅಂಗಡಿ ನೋಡಿಕೊಳ್ಳುತ್ತಿದ್ದವರು ಸಾಹುಕಾರನ ಅಕ್ಕನ ಗಂಡ, ಭಾವ. ಕೇಳಿದ್ದಕ್ಕೆ ಇಲ್ಲ ಎನ್ನದ ಮನುಷ್ಯ. ಸಂಬಳವಿಲ್ಲ; ಒಂದು ಲೋಟ ಟೀ, ಒಂದು ಪೇಪರು. ಅಂಗಡಿ ಹೊಸದಾಗಿ ಶುರುವಾದಾಗ ಇದೇ ಗೋದಾಮಿನ ಏಣಿಯಿಂದ ಡಬ್ಬ ಇಳಿಸಲು ಹೋಗಿ ಬಿದ್ದಿದ್ದರು. ಬಲಗಾಲು ಅಂದಿನಿಂದ ಪೂರ್ತಿ ಮೇಲೇಳುತ್ತಿರಲಿಲ್ಲ.

ಆ ಸಲ ಮೇಷ್ಟ್ರು ಹೊಸ ಪಾತ್ರವೊಂದನ್ನು ತಂದರು. ಯಾರ ಮನೆಯಲ್ಲಿ ಒಲೆ ಹಚ್ಚಿದರೂ ಮೂಗಿಗೆ ತಿಳಿದು ಹಾಜರಾಗುವ ಬಿಟ್ಟಿ ಮಾವ. ಓದಿದಾಗ ನಗು ಬರುತ್ತಿತ್ತು, ಮೈಕಿನ ಮುಂದೆ ಮಾತ್ರ ಸಪ್ಪೆ.

“ಮಾವ ಬಂದ ಅಂತ ಜನಕ್ಕೆ ಹೇಗಯ್ಯಾ ಗೊತ್ತಾಗ್ಬೇಕು? ಬಂದೆ ಬಂದೆ ಅಂತ ಅವನ ಕೈಲೇ ಕೂಗಿಸ್ಲಾ?” ಎಂದು ಮೇಷ್ಟ್ರು ರೇಗಿದರು.

ಸಾಹುಕಾರ ಒಂದು ಜೊತೆ ಹಳೇ ಚಪ್ಪಲಿ ಕೈಗೆ ತೊಟ್ಟ. ಟಪ್... ಸರ್ರ್. ಟಪ್... ಸರ್ರ್. ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎನ್ನುವಂತೆ ಗಂಟಲು ಸರಿಮಾಡಿಕೊಳ್ಳುವ ಒಂದು ಸಣ್ಣ ಸದ್ದು. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ಔಷಧಿ ಅಂಗಡಿಯಾಕೆಯೂ ನಕ್ಕಳು. ನಗುತ್ತಲೇ ಅಂಗಡಿಯ ಮುಂಭಾಗದ ಕಡೆ ನೋಡಿ, ದನಿ ತಗ್ಗಿಸಿದಳು.

“ಇದು ಬೇಡ ಸಾಹುಕಾರ್ರೇ. ಹೊರಗೇ ಕೂತಿದಾರೆ ನಿಮ್ಮ ಭಾವ.”

“ಅಯ್ಯೋ, ಯಾರಿಗೆ ಗೊತ್ತಾಗುತ್ತೆ ಬಿಡಿ!”

ಗೊತ್ತಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಾಗದಿದ್ದರೆ ಸದ್ದು ಮಾಡಿ ಪ್ರಯೋಜನವೇನು? ಆದರೆ ಮೇಷ್ಟ್ರು ನಕ್ಕ ನಗು ಅಷ್ಟು ಹೊತ್ತಿಗೆ ತಲೆಗೇರಿತ್ತು.

ಭಾನುವಾರದ ನಾಟಕವನ್ನು ಅಕ್ಕ ಭಾವ ಇವನ ಮನೆಗೇ ಬಂದು ಕೇಳುವುದು ವಾಡಿಕೆ. ರೇಡಿಯೊ ಮೇಜಿನ ಮೇಲೆ; ಅಕ್ಕ ಅದಕ್ಕೆ ಕಿವಿ ತಾಗುವಷ್ಟು ಹತ್ತಿರ. ಟಪ್... ಸರ್ರ್ ಎಂದಿದ್ದೇ ತಡ, ಭಾವ ತೊಡೆ ತಟ್ಟಿಕೊಂಡು ಹೋ ಎಂದು ನಕ್ಕರು. ಆ ಹೆಜ್ಜೆ ಬಂದಾಗಲೆಲ್ಲ ನಕ್ಕರು.

“ರೀ, ಸ್ವಲ್ಪ ಕೇಳೋಕೆ ಬಿಡಿ. ನಿಮ್ಮ ನಗೂನೇ ನಾಟಕ ಆಗೋಯ್ತು,” ಎಂದಳು ಅಕ್ಕ.

ಸಾಹುಕಾರನಿಗೆ ಎದೆ ಹಗುರಾಯಿತು. ಅಡುಗೆಮನೆಯಲ್ಲಿ ಹೆಂಡತಿ ಅಡ್ಡಗಟ್ಟಿದಳು.

“ನಾಚಿಕೆ ಆಗಲ್ವಾ ನಿಮಗೆ?”

“ಅವರೇ ನಗ್ತಿದಾರಲ್ಲೇ!”

“ಹೂಂ, ನಗ್ತಿದಾರೆ. ನೀವು ಅದನ್ನೇ ನೋಡ್ಕೊಂಡಿರಿ.”

ನೋಡಿಕೊಂಡೇ ಇದ್ದ. ವಾರ ವಾರಕ್ಕೂ ಬಿಟ್ಟಿ ಮಾವನಿಗೆ ಬೆಲೆ ಏರಿತು. ಬೀದಿಯಲ್ಲಿ ಜನ ತಡೆದು ಹೊಗಳಿದರು. ಯಾರನ್ನು ನೋಡಿ ಕಲಿತಿರಿ ಎಂದು ಕೇಳಿದವರಿಗೆ ಎಲ್ಲ ಸ್ವಂತ ಸರಕು ಎಂದು ಮೀಸೆ ಸವರಿದ. ವ್ಯಾಪಾರಿಯ ಬಾಯಿ, ಅಲ್ಲಿ ಸುಳ್ಳಿಗೆ ದಾಸ್ತಾನಿನ ಕೊರತೆಯಿಲ್ಲ.

ಮತ್ತೊಂದು ಧ್ವನಿಮುದ್ರಣದ ಮಧ್ಯಾಹ್ನ. ಮುಂದೆ ಯಾರೋ ದೊಡ್ಡ ಅಳತೆಯದು ಕೇಳಿದರು. ಭಾವ ಕುರ್ಚಿಯಿಂದ ಎದ್ದು ಕಪಾಟಿನ ಕಡೆ ನಡೆದದ್ದು ಗೋದಾಮಿಗೆ ಕೇಳಿಸಿತು. ಟಪ್... ಸರ್ರ್.

“ಅರೆ! ಬಿಟ್ಟಿ ಮಾವ ಇಲ್ಲೇ ಇದಾನೆ ಕಣೇ!” ಗಿರಾಕಿಯ ದನಿ. ಅವನ ಜೊತೆ ಬಂದವಳ ಕಿಲಕಿಲ.

“ಟೀ ವಾಸನೆಗೆ ಬಂದಿರ್ಬೇಕು ಬಿಡಿ,” ಎಂದರು ಭಾವ, ತಾವೂ ನಗುತ್ತ.

ಸಾಹುಕಾರನ ಕೈಯಲ್ಲಿದ್ದ ಚಪ್ಪಲಿ ಹಲಗೆಯ ಮೇಲೆ ಹಾಗೇ ನಿಂತಿತು. ಹೊರಗೆ ಹೋಗಿ ಆ ಗಿರಾಕಿಯನ್ನು ನಾಲ್ಕು ಬೈಯೋಣವೆಂದುಕೊಂಡ. ಯಾವ ಬಾಯಿಂದ?

ಮಾರನೆಯ ಬೆಳಗ್ಗೆ ಅವನು ಬೆನ್ನು ತಿರುಗಿಸಿ ಡಬ್ಬ ಜೋಡಿಸುತ್ತಿದ್ದ. ಯಾವ ಸದ್ದೂ ಬರಲಿಲ್ಲ. ತಿರುಗಿದರೆ ಭಾವ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಾರೆ. ಚಪ್ಪಲಿ ಕೈಯಲ್ಲಿ, ಕಾಲು ಬರಿದು. ಎಂದಿನಂತೆ ಗಂಟಲೂ ಸರಿಮಾಡಿಕೊಂಡಿರಲಿಲ್ಲ.

“ಸದ್ದು ಮಾಡದೇ ಇರೋದು ಯಾವುದಾದ್ರೂ ಇದೆಯೇನಯ್ಯಾ? ಮೆತ್ತಗಿರೋದು?”

ಊರಿಗೆಲ್ಲ ಮೊಣಕಾಲೂರಿ ಚಪ್ಪಲಿ ತೊಡಿಸಿದವನು ಭಾವನ ಪಾದವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಬಲಗಾಲಿನ ಹೆಬ್ಬೆರಳು ನೆಲಕ್ಕೆ ಉಜ್ಜಿ ಉಜ್ಜಿ ಒಂದು ಪಕ್ಕ ಕಲ್ಲಾಗಿತ್ತು. ತೊಡಿಸಿದ ಮೇಲೂ ಅವನು ತಲೆ ಎತ್ತಲಿಲ್ಲ.

“ಭಾವ, ಆ ನಾಟಕದಲ್ಲಿ...”

“ಗೊತ್ತು ಕಣಯ್ಯಾ. ಮೊದಲನೇ ದಿನಾನೇ ಗೊತ್ತಾಯ್ತು.”

“ಮತ್ತೆ ಅಷ್ಟು ಜೋರಾಗಿ ನಗ್ತಿದ್ರಲ್ಲ?”

“ನಗದೇ ಇದ್ರೆ ನಿಮ್ಮಕ್ಕನಿಗೆ ಆ ಸದ್ದು ಕೇಳಿಸ್ತಿತ್ತಲ್ಲೋ. ತಮ್ಮ ಅಂದ್ರೆ ಅವಳಿಗೆ ಪ್ರಾಣ.” ಭಾವ ಎದ್ದು, ಬಲಗಾಲನ್ನು ಬೇಕೆಂದೇ ಎತ್ತೆತ್ತಿ ಇಟ್ಟು ನಡೆದು ನೋಡಿದರು. ಹಣೆಯಲ್ಲಿ ಬೆವರು. ಆಮೇಲೆ ಜೇಬಿಗೆ ಕೈ ಹಾಕಿದರು.

“ನಿಮ್ಮ ಹತ್ರ ದುಡ್ಡು ತಗೊಳ್ಳೋದಾ ಭಾವ? ಇಡಿ ಒಳಗೆ!”

“ತಗೋ. ಬಿಟ್ಟಿ ಬೇಡ.”

ಕುತ್ತಿಗೆ ಹಿಡಿದು ಬೀದಿಗೆ ನೂಕಿದ್ದರೂ ಸಾಹುಕಾರ ಅಷ್ಟು ಕುಗ್ಗುತ್ತಿರಲಿಲ್ಲ.

ಮುಂದಿನ ಧ್ವನಿಮುದ್ರಣಕ್ಕೆ ಅವನು ಚಪ್ಪಲಿಯನ್ನು ಕೈಗೆ ತೊಡಲಿಲ್ಲ. ತನ್ನ ಕಾಲಿನದೇ ಹಾಕಿಕೊಂಡು ಹಲಗೆ ಹತ್ತಿ, ತಾನು ದಿನಾ ನಡೆಯುವ ಹಾಗೆಯೇ ನಡೆದ. ಹಿಮ್ಮಡಿ ಒತ್ತಿ, ಅವಸರವಸರವಾಗಿ. “ಇದ್ಯಾರಯ್ಯಾ? ಮಾವನ ಥರಾನೇ ಇಲ್ಲ!” ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. “ಇನ್ಮೇಲೆ ಮಾವ ಹೀಗೇ ನಡೆಯೋದು,” ಎಂದ ಸಾಹುಕಾರ. ಔಷಧಿ ಅಂಗಡಿಯಾಕೆ ತನ್ನ ಹಾಳೆ ತಿರುವಿದಳು.

ಭಾನುವಾರ ಮತ್ತೆ ಎಲ್ಲರೂ ರೇಡಿಯೊ ಸುತ್ತ ಕೂತರು. ಒಲೆ ಹಚ್ಚಿದ ಸದ್ದು. ಬಿಟ್ಟಿ ಮಾವ ಬಂದ. ಟಕಟಕ, ಟಕಟಕ. ಭಾವ ಅಭ್ಯಾಸಬಲದಿಂದ ನಗಲು ಬಾಯಿ ತೆರೆದವರು ಅರ್ಧಕ್ಕೇ ತಡೆದರು. ಯಾರೂ ನಗಲಿಲ್ಲ. ಅಕ್ಕ ರೇಡಿಯೊದಿಂದ ಕಿವಿ ತೆಗೆದು, ಗಂಡ ಹೊಸ ಚಪ್ಪಲಿ ಬಿಟ್ಟಿದ್ದ ಬಾಗಿಲ ಕಡೆ ಒಂದು ಸಲ ನೋಡಿ, ತಮ್ಮನ ಕಡೆ ತಿರುಗಿದಳು.

“ಅಂತೂ ಇವತ್ತು ನೀನೇ ನಡೆದೆ,” ಎಂದಳು.

ಆಗ ಭಾವ ನಗತೊಡಗಿದರು. ನಗುವಂಥದ್ದೇನೂ ನಾಟಕದಲ್ಲಿ ಇರಲಿಲ್ಲ. ಆದರೂ ತೊಡೆ ತಟ್ಟಿಕೊಂಡು, ಅಕ್ಕ ಮುಂದಿನ ಮಾತು ಆಡದ ಹಾಗೆ, ಆಡಿದರೂ ಸಾಹುಕಾರನ ಕಿವಿಗೆ ಬೀಳದ ಹಾಗೆ, ನಾಟಕ ಮುಗಿಯುವ ತನಕ ನಗುತ್ತಲೇ ಇದ್ದರು. ಸಾಹುಕಾರ ತಲೆ ತಗ್ಗಿಸಿ ತನ್ನ ಎರಡು ಪಾದಗಳನ್ನೇ ನೋಡುತ್ತ ಕೂತಿದ್ದ.