ಹೋಳಿಗೆ ತಿಂದ ಕ್ಯಾಸೆಟ್ಟು

ಚೊಚ್ಚಲ ಬಾಣಂತನ ಮುಗಿಸಿ ಅಕ್ಕ ವಿಜಾಪುರದ ನಮ್ಮ ಮನೆಯಿಂದ ಟಿಕೋಟಾದ ಗಂಡನ ಮನೆಗೆ ಹೊರಟಾಗ ಕೂಸಿಗೆ ಐದು ತಿಂಗಳು. ತೊಟ್ಟಿಲು, ಕುಲಾಯಿ, ಬಜೆ ಬೇರು ಎಲ್ಲ ನೆನಪಿಟ್ಟು ಕೊಟ್ಟು ಕಳಿಸಿದೆವು. ಅಜ್ಜಿಯನ್ನು ಮಾತ್ರ ಕಳಿಸಲಿಲ್ಲ. ಅಜ್ಜಿ ಕೂತು ತೂಗಿದರಷ್ಟೇ ಕೂಸು ಮಲಗುತ್ತದೆಂಬುದು ಅಲ್ಲಿಗೆ ಹೋದಮೇಲೆ ತಿಳಿಯಿತು. ಅಜ್ಜಿಗೋ ಬಸ್ಸು ಕಂಡರೆ ವಾಂತಿ. ಮೂರು ವಾರದಲ್ಲಿ ಅಕ್ಕನ ಕಣ್ಣು ಗುಳಿ ಬಿದ್ದವು. ಬೇಳೆಗೆ ಎರಡೆರಡು ಸಲ ಉಪ್ಪು ಹಾಕಿದಳು. ಒಂದು ದಿನ ರೊಟ್ಟಿ ಬಡಿಯುತ್ತಲೇ ತೂಕಡಿಸಿ ಹಿಟ್ಟಿನ ಮೇಲೆ ಹಣೆ ಇಟ್ಟಳಂತೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬಬಲೇಶ್ವರದ ಸಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ, ಮಕ್ಕಳ ಬಾಯಲ್ಲಿ ‘ಬಾಯಾರು’. ಹಾಗಾಗಿ ಜಗತ್ತಿನ ಎಲ್ಲ ತೊಂದರೆಗೂ ನನ್ನ ಹತ್ತಿರ ಉಪಾಯವಿದೆ ಎಂದು ನಂಬಿದ್ದೆ. ಜೊತೆಗಿದ್ದ ಹಿಂದಿ ಶಿಕ್ಷಕಿಯನ್ನು ಕಾಡಿ ಬೇಡಿ ಅವರ ಮನೆಯ ಟೇಪ್ ರೆಕಾರ್ಡರ್ ತಂದೆ. ಅಜ್ಜಿಯನ್ನು ನಡುಮನೆಯಲ್ಲಿ ಕೂಡಿಸಿ ಜೋಗುಳ ಹಾಡಿಸಿದೆ. ಒಮ್ಮೆ ಕೆಮ್ಮು, ಒಮ್ಮೆ ಕಾಗೆ, ಒಮ್ಮೆ ಹಾಲಿನವನ ಕೂಗು. ಹನ್ನೊಂದನೆಯ ಸಲಕ್ಕೆ ಹಾಡು ಸರಿಯಾಗಿ ಬಂತು. ಮರುದಿನ ಅಜ್ಜಿಯ ಗಂಟಲು ಪೂರ್ತಿ ಕಟ್ಟಿತು.

“ಆ ಪೆಟಗಿ ನನ್ನ ದನಿ ನುಂಗೇತಿ,” ಎಂದು ಪಿಸುಗುಟ್ಟಿದಳು. “ಇನ್ನೊಮ್ಮೆ ಅದನ್ನ ನನ್ನ ಮುಂದ ತಂದಿ ಅಂದ್ರ ಬಾವಿಗೆ ಒಗೀತೇನಿ. ಪೆಟಗೀನೂ ಒಗೀತೇನಿ, ನಿನ್ನೂ ಒಗೀತೇನಿ.”

ತಪ್ಪು ನನ್ನದೆಂದು ಈಗಲೂ ಒಪ್ಪುವುದಿಲ್ಲ. ವಾರದಲ್ಲಿ ಅಜ್ಜಿಯ ದನಿ ಮರಳಿ ಬಂತು, ಆದರೆ ಸಿಟ್ಟು ಇಳಿಯಲಿಲ್ಲ. ಇನ್ನೊಮ್ಮೆ ಹಾಡಿಸುವ ಮಾತೇ ಇರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಅದೊಂದೇ ಕ್ಯಾಸೆಟ್ಟು.

ರವಿವಾರ ಅದನ್ನು ಟಿಕೋಟಾಕ್ಕೆ ಒಯ್ದೆ. ತೊಟ್ಟಿಲ ಕೆಳಗೆ ಇಟ್ಟು ಬಟನ್ ಒತ್ತಿದೆ. ಅಜ್ಜಿ ಒಂದು ಸಾಲು ಹಾಡಿದಳು, ಆಮೇಲೆ ಎಮ್ಮೆಯ ಹಾಗೆ ಒದರಿದಳು, ಆಮೇಲೆ ನಿಂತೇ ಹೋದಳು. ಯಂತ್ರ ಟೇಪನ್ನು ಜಗಿಯುತ್ತಿತ್ತು. ಯಂತ್ರಗಳ ಮೇಲೆ ಬಲ ತೋರಿಸಬಾರದೆಂದು ದಿನಾ ಪಾಠ ಹೇಳುವ ನಾನು ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಟೇಪು ಐದು ತುಂಡಾಯಿತು. ಅಕ್ಕ ನನ್ನನ್ನು ಬೈಯಲೂ ಇಲ್ಲ. ಗೋಡೆಗೆ ಆತು ಕೂತು ಅತ್ತಳು. ಅವಳನ್ನು ನೋಡಿ ನನಗೂ ದುಃಖ ಉಕ್ಕಿ ಬಂತು, ಕೂಸು ಮೊದಲೇ ಅಳುತ್ತಿತ್ತು.

ಗದ್ದಲ ಕೇಳಿ ಅಕ್ಕನ ಅತ್ತೆ ಒಳಗೆ ಬಂದರು. ಹಳೆಯ ಸೀರೆ, ಧೋತರಗಳ ಚಿಂದಿ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಆ ಓಣಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

“ಅಳೂದ್ಯಾಕ ತಂಗಿ? ಹರದದ್ದನ್ನ ಹೊಲದ್ರ ಆತು,” ಎಂದು ಸೂಜಿ ತಂದರು.

ನನಗೂ ಬೇರೆ ದಾರಿ ತೋಚಲಿಲ್ಲ. ಅವರು ತುಂಡಿನ ಮೇಲೆ ತುಂಡಿಟ್ಟು ಕೂದಲಿನಂಥ ದಾರದಿಂದ ಹೊಲಿದರು. ಹಾಡು ಮುಗಿದ ಮೇಲೆ ನಾನು ಬಂದ್ ಮಾಡಲು ಮರೆತದ್ದರಿಂದ ಅಜ್ಜಿ ನನ್ನನ್ನು ಬೈದದ್ದೂ ಅದರಲ್ಲಿ ಕೂತಿತ್ತು. ಆ ತುಂಡನ್ನು ಎಸೆಯಲು ತೆಗೆದಿಟ್ಟರೆ, ಅದನ್ನೂ ಕೈಗೆತ್ತಿಕೊಂಡರು. “ಚಿಂದಿ ಒಗೀಬಾರದವಾ,” ಎಂದು ಬಾಲಕ್ಕೆ ಜೋಡಿಸಿದರು. ನಾನು ಸೆರಗಿನಿಂದ ಟೇಪ್ ರೆಕಾರ್ಡರ್ ಒರೆಸುತ್ತಿದ್ದಾಗ ಕ್ಯಾಸೆಟ್ಟಿನ ಮುಚ್ಚಳವನ್ನೂ ಅವರೇ ಹಾಕಿ ಸ್ಕ್ರೂ ತಿರುಗಿಸಿದರು.

ಕ್ಯಾಸೆಟ್ಟು ಅರ್ಧ ಸುತ್ತು ತಿರುಗಿ ನಿಂತಿತು. ಮರುದಿನ ಸಾಲೆ ಬಿಟ್ಟಮೇಲೆ ಅದನ್ನು ವಿಜಾಪುರದ ರೇಡಿಯೋ ರಿಪೇರಿ ಚಾಚಾನ ಅಂಗಡಿಗೆ ಒಯ್ದೆ. ಅವರು ಮುಚ್ಚಳ ತೆರೆದರು. ಒಳಗಿಂದ ಇರುವೆಗಳು ಸಾಲುಗಟ್ಟಿ ಹೊರಬಂದವು. ಚಾಚಾ ಚಿಮಟದಿಂದ ಉಗುರಿನಷ್ಟು ಏನನ್ನೋ ಎತ್ತಿ ಮೂಸಿ ನೋಡಿದರು.

“ಬಾಯಾರ, ಇದಕ್ಕ ಶೇಂಗಾ ಹೋಳಗಿ ಯಾರು ತಿನ್ನಿಸ್ಯಾರ್ರಿ?”

ಯಾರೆಂದು ನನಗೆ ಕೂಡಲೇ ಹೊಳೆಯಿತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು ಹೊಲಿಯುವುದು ಅತ್ತೆಯವರ ಪದ್ಧತಿ. ಕೌದಿ ಉಪವಾಸ ಇರಬಾರದಂತೆ. ಕ್ಯಾಸೆಟ್ಟಿಗೂ ಅದೇ ಉಪಚಾರವಾಗಿತ್ತು. ವಿಜ್ಞಾನದ ಬಾಯಾರು ನಾಚಿಕೆಯಿಂದ ಇದನ್ನೆಲ್ಲ ವಿವರಿಸಿದಾಗ ಚಾಚಾ ನಗಲಿಲ್ಲ.

“ಬರೋಬ್ಬರಿ ಐತ್ರಿ. ದುಡಿಯೂದಕ್ಕ ಉಣ್ಣಾಕ ಬೇಕಲ್ರಿ,” ಎಂದರು. ಇರುವೆಗಳನ್ನು ಬ್ರಶ್ಶಿನಿಂದ ಮೆಲ್ಲಗೆ ಗುಡಿಸಿ, ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ತುಂಡುಗಳನ್ನು ಅದೇ ಸಾಲಿನಲ್ಲಿ ಅಂಟುಪಟ್ಟಿಯಿಂದ ಕೂಡಿಸಿದರು. ಕೊನೆಯ ತುಂಡು ತೆಗೆಯಿರಿ ಎಂದರೆ ಅದರಲ್ಲೇನಿದೆ ಎಂದು ಕೇಳಿಯಾರೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮುಂದಿನ ರವಿವಾರ ಮಧ್ಯಾಹ್ನ ಮತ್ತೆ ಟಿಕೋಟಾ. ಅಕ್ಕ ತೊಟ್ಟಿಲ ಹಗ್ಗ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಳು. ಬಟನ್ ಒತ್ತಿದೆ. ಅಜ್ಜಿ ಹಾಡಿದಳು, ಸ್ಪಷ್ಟವಾಗಿ, ಎಮ್ಮೆಯಿಲ್ಲದೆ. ಕೂಸು ಅತ್ತಿತು. ಎರಡನೆಯ ಸಾಲಿಗೆ ಚೀರಿತು. ಹಾಡು ಪೂರ್ತಿ ಮುಗಿಯುವಷ್ಟರಲ್ಲಿ ಮುಖ ಕೆಂಪಾಗಿ ಉಸಿರು ಹಿಡಿದಿತ್ತು. ಅಕ್ಕನ ಮುಖ ನೋಡುವ ಧೈರ್ಯವಾಗದೆ ನಾನು ನೆಲ ನೋಡುತ್ತ ಕೂತೆ. ಆಗ ಟೇಪು ಟಕ್ ಎಂದು ಕೊನೆಯ ತುಂಡಿಗೆ ಬಂತು.

“ಏ, ಸಾಕ ಬಂದ್ ಮಾಡ! ಸಾಲಿ ಕಲಸ್ತಾಳಂತ ಸಾಲಿ, ಹಾಲಿಗೆ ಮುಚ್ಚಳ ಹಾಕೂದ ತಿಳಿಯೂದಿಲ್ಲ. ಅಲ್ಲಿ ನೋಡ, ಬೆಕ್ಕು ಒಳಗ ಹೊಂಟೇತಿ. ನಿಮ್ಮವ್ವ ಎಲ್ಲಿ ಸತ್ತಾಳ?”

ಕೂಸು ಗಪ್ಪಾಯಿತು. ಮುಷ್ಟಿ ಬಾಯಿಗಿಟ್ಟುಕೊಂಡು ಕೇಳಿತು. ಅಜ್ಜಿ ಹಾಲಿನವನ ವಂಶಕ್ಕೆ ಬರುವಷ್ಟರಲ್ಲಿ ನಿದ್ದೆಹೋಗಿತ್ತು.

ಆಗ ನೆನಪಾಯಿತು. ಐದು ತಿಂಗಳಲ್ಲಿ ಅಜ್ಜಿ ಒಂದು ಜೋಗುಳವನ್ನೂ ಪೂರ್ತಿ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಒಂದು ಸಾಲು ಹಾಡಿ, ಹಗ್ಗ ಜಗ್ಗುತ್ತ ಮನೆಮಂದಿಯನ್ನೆಲ್ಲ ಸರದಿಯಂತೆ ಬೈಯುತ್ತಿದ್ದಳು. ಇದನ್ನು ಹೇಳಲು ತಿರುಗಿದರೆ ಅಕ್ಕನೂ ಕೂತಲ್ಲೇ ಮಲಗಿದ್ದಳು, ಹಗ್ಗ ಇನ್ನೂ ಕೈಯಲ್ಲೇ ಇತ್ತು. ಅತ್ತೆಯವರು ಹೊರಗೆ ಹೋಗಿ ಅಂಗಳದ ಕೋಳಿಗಳನ್ನು ಓಡಿಸಿದರು.

ಬೈಗುಳ ಇದ್ದದ್ದು ಎರಡೇ ನಿಮಿಷ. ಕೂಸು ಎದ್ದಾಗಲೆಲ್ಲ ಅದನ್ನೇ ಹಾಕಿದರೆ ಟೇಪು ಎಷ್ಟು ದಿನ ಬಾಳೀತು? ಸಂಜೆ ವಿಜಾಪುರಕ್ಕೆ ಬಂದವಳೇ ಹೊಸ ಕ್ಯಾಸೆಟ್ಟು ಹಾಕಿ ಅಜ್ಜಿಯ ಎದುರು ಪೆಟಗಿ ಇಟ್ಟು, ಹಾಡುವುದೇನೂ ಬೇಡ, ಸುಮ್ಮನೆ ನನ್ನನ್ನು ಬೈದರೆ ಸಾಕು ಎಂದೆ. ಅಜ್ಜಿ ಖಡಾಖಂಡಿತ ಒಪ್ಪಲಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಅರ್ಧ ತಾಸು ಹೇಳಿದಳು. ನಾನು ರೆಕಾರ್ಡಿನ ಬಟನ್ ಒತ್ತಿಕೊಂಡೇ ಕೂತಿದ್ದೆ.