ವಿಮಲಾಬಾಯಿಯವರ ವಾರ್ಡಿನ ಒಡಪುಗಳು

ಡಾಕ್ಟರ್ ವಿಮಲಾಬಾಯಿಯವರದು ಗಂಡಸಿನಂಥ ಗಡಸು ದನಿ. ಹಾಡಿನ ಗಂಧವೇ ಇರಲಿಲ್ಲ. ಆದರೂ ಪರೇಲಿನ ನಮ್ಮ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಅವರು ಕಾಲಿಟ್ಟರೆ ಹೆಂಗಸರು ಪದ್ಯ ಕಟ್ಟಲು ತೊಡಗುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಉಡುಪಿ ಕಡೆಯಿಂದ ಹೋಗಿ ಅಲ್ಲಿ ನರ್ಸಾಗಿದ್ದ ನನಗೆ ಮೊದಮೊದಲು ಇದು ಹುಚ್ಚಾಟವೆನಿಸಿತ್ತು.

ಗಾಯದ ಹಳೆಯ ಪಟ್ಟಿ ಬಿಚ್ಚುವ ಹೊತ್ತೆಂದರೆ ವಾರ್ಡಿಗೆಲ್ಲ ನಡುಕ. ನೋವಿನ ಇಂಜೆಕ್ಷನ್ ಕೊಟ್ಟರೂ ಚೀರಾಟ ತಪ್ಪುತ್ತಿರಲಿಲ್ಲ. ಧಾರವಾಡದವರಾದ ವಿಮಲಾಬಾಯಿ ಆಗ ಒಡಪು ಕೇಳುತ್ತಿದ್ದರು. ಮದುವೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳುತ್ತಾರಲ್ಲ, ಅದೇ. ಮರಾಠಿಯವರಿಗೆ ಅದು ಉಖಾಣೆ. ಮೀನು ಮಾರುವ ಒಬ್ಬಾಕೆ ಬೊಂಬಿಲ್ ಮೀನಿಗೂ ಗಂಡ ವಿಠ್ಠಲನಿಗೂ ಪ್ರಾಸ ಹೊಂದಿಸಿದಾಗ ಇಡೀ ವಾರ್ಡು ನಕ್ಕಿತು. ಆ ನಗುವಿನಲ್ಲೇ ಬಾಯಿ ಅವಳ ಪಟ್ಟಿ ಬಿಚ್ಚಿ ಮುಗಿಸಿದ್ದರು.

ದೊಡ್ಡ ಡಾಕ್ಟರರು ಒಮ್ಮೆ, "ಇದು ವಾರ್ಡೋ, ಮದುವೆ ಮನೆಯೋ?" ಎಂದು ಸಿಡುಕಿದರು.

"ಮದುವಿ ಮನ್ಯಾಗೂ ಅಳತಾರ್ರೀ ಸರ್," ಎಂದು ಬಾಯಿ ಕೆಲಸ ಮುಂದುವರಿಸಿದರು.

ಒಂದು ವರ್ಷ ಭಾಂಡುಪಿನ ಚಾಳಿನ ಸಾಲುಮನೆಯಿಂದ ಗಂಗವ್ವ ಬಂದಳು. ವಿಜಾಪುರ ಕಡೆಯವಳು. ಎರಡೂ ಕೈ, ಕುತ್ತಿಗೆ ಸುಟ್ಟಿದ್ದವು. "ಸ್ಟೋವ್ ಸಿಡೀತು" ಎಂದದ್ದು ಬಿಟ್ಟರೆ ಮಾತಿಲ್ಲ, ಊಟವೂ ಇಲ್ಲ. ಗಂಡ ಸಂಜೆ ಬಂದು ಮಂಚದ ಪಕ್ಕ ಕೂತರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಒಡಪು ಕೇಳಿದಾಗಲೂ ಹಾಗೇ ತಿರುಗಿಕೊಂಡಳು.

ಬಾಯಿ ಅದನ್ನು ಗಮನಿಸಿದರು. "ಗಂಡನ ಹೆಸರ ಹಾಕಬೇಕಂತ ಏನಿಲ್ಲವಾ. ನಿನಗ ಬೇಕಾದವರ ಹೆಸರ ಹಾಕು," ಎಂದರು.

ಕೆಲವು ದಿನಗಳ ನಂತರ, ಪಟ್ಟಿ ಬಿಚ್ಚುತ್ತಿದ್ದಾಗ ಗಂಗವ್ವ ಹಲ್ಲು ಕಚ್ಚಿಕೊಂಡೇ ಹೇಳಿದಳು:

"ಭಾಂಡುಪಿನ ನಳದಾಗ ನಸುಕಿನ್ಯಾಗ ನೀರ ಬರತೈತಿ,
ಸುಟ್ಟ ಕೈಮ್ಯಾಲ ಹೊಸಾ ತೊಗಲು ತಾನ ಬೆಳಿತೈತಿ,
ಒಡಪು ಕಟ್ಟಾಕಿ ಗಂಗವ್ವ, ಆಕಿ ಜೀವ ಇನ್ನೂ ಐತಿ."

ಯಾರೂ ನಗಲಿಲ್ಲ. ಬಾಯಿ ಪಟ್ಟಿ ಕಟ್ಟಿ ಮುಗಿಸಿ ಸ್ಟೂಲು ಎಳೆದುಕೊಂಡು ಕೂತರು. "ಇನ್ನ ಹೇಳವಾ," ಎಂದರು.

"ಸ್ಟೋವ್ ಸಿಡಿದಿಲ್ರೀ ಬಾಯಾರ. ಚಿಮಣಿ ಎಣ್ಣಿ ಅಂವನ ಸುರುವಿದ."

ಬಾಯಿ ಅಂದೇ ಪೊಲೀಸರನ್ನು ಕರೆಸಿದರು. ಗಾಯ ಮಾಯ್ದ ಮೇಲೆ ಗಂಗವ್ವ ಭಾಂಡುಪಿಗೆ ಹೋಗಲಿಲ್ಲ. ಮಲಾಡಿನಲ್ಲಿದ್ದ ಅಕ್ಕನ ಮನೆ ಸೇರಿದಳು.

"ಎಲ್ಲ ನಿಮ್ಮ ಒಡಪಿನಿಂದ," ಎಂದು ನಾನು ಹೊಗಳಿದಾಗ ಬಾಯಿಯವರಿಗೆ ಸಿಟ್ಟು ಬಂತು. "ಒಡಪಿನಿಂದ ಗಾಯ ಮಾಯೂದಿಲ್ಲ ತಂಗಿ. ಬಾಯಿ ಬಿಡಲಿಕ್ಕೆ ಆಕಿಗೊಂದು ನೆಪ ಬೇಕಾಗಿತ್ತು, ಅಷ್ಟ."

ಆ ದಶಕ ಮುಗಿಯುವ ಮೊದಲೇ ಬಾಯಿಯವರಿಗೇ ಕ್ಯಾನ್ಸರ್ ಆಯಿತು. ಕಡೆಯ ಸಲ ನೋಡಲು ಹೋದಾಗ ನೋವಿಗೆ ಅವರ ಹಣೆಯೆಲ್ಲ ಬೆವರಿತ್ತು. ದಾರಿಯುದ್ದಕ್ಕೂ ಲೋಕಲ್ ರೈಲಿನಲ್ಲಿ ಕೂತು ಒಂದು ಪದ್ಯ ಕಟ್ಟಿಕೊಂಡು ಹೋಗಿದ್ದೆ. ಮೊದಲ ಸಾಲಿಗೇ ಅವರು ಕೈ ಎತ್ತಿದರು.

"ಬ್ಯಾಡ ತಂಗಿ. ಇವತ್ತ ಸಾದಾ ಮಾತು ಆಡು. ಪ್ಯಾಟ್ಯಾಗ ಬದನಿಕಾಯಿ ಹ್ಯಾಂಗವ?"

ಬದನೆಕಾಯಿ, ಲೋಕಲ್‌ನ ನೂಕುನುಗ್ಗಲು, ಜಗಳಗಂಟಿ ಪಕ್ಕದ ಮನೆಯಾಕೆ, ತಿಂಗಳಾದರೂ ಕೆಟ್ಟೇ ನಿಂತಿರುವ ನಮ್ಮ ವಾರ್ಡಿನ ಫ್ಯಾನು, ನೆನಪಾದದ್ದನ್ನೆಲ್ಲ ಹೇಳುತ್ತ ಹೋದೆ. ಬಾಯಿ ನನ್ನ ಕೈ ಹಿಡಿದೇ ಇದ್ದರು. ಅವರ ಬೆರಳು ಸಡಿಲವಾಗಿ, ಉಸಿರು ನಿದ್ದೆಯ ಲಯಕ್ಕೆ ಬಂದ ಮೇಲೂ ನಾನು ಮಾತು ನಿಲ್ಲಿಸಲಿಲ್ಲ.